ಅರ್ಚಾ ಕೊಂಬೆಗಳ ಧೂಳು

ನಮ್ಮ ಕಿರ್ಗಿಜ್ ಬೆಟ್ಟಗಳಲ್ಲಿ ಒಂದು ಆಟವಿದೆ. ಮದುವೆಯಾದ ಹೆಣ್ಣು ತವರಿಗೆ ಬಂದರೆ ಮೊದಲು ತನ್ನ ಬಡತನ ಹೇಳಿಕೊಳ್ಳಬೇಕು. ಕುದುರೆ ಹಾಲು ಬತ್ತಿದೆ, ಕುರಿಗಳಿಗೆ ರೋಗ, ಡೇರೆಯ ಕಂಬಳಿ ತೂತು ಎಂದೆಲ್ಲ ಮುಖ ಸಣ್ಣ ಮಾಡಿಕೊಳ್ಳಬೇಕು. ಅಣ್ಣಂದಿರು ನಗಬೇಕು, ಅವಳ ಮಾತನ್ನು ಒಂದಿಷ್ಟೂ ನಂಬಬಾರದು, ಹೊರಡುವಾಗ ಏನಾದರೂ ಕೊಟ್ಟು ಕಳಿಸಬೇಕು. ನಾನು ಈ ಆಟದಲ್ಲಿ ಪಳಗಿದವಳು. ಒಮ್ಮೆ ಅತ್ತೂ ಕರೆದೂ ಬೂದು ಬಣ್ಣದ ಕುದುರೆಯೊಂದನ್ನು ಹೊಡೆದುಕೊಂಡು ಬಂದಿದ್ದೆ. ಅವತ್ತು ನಾನೂ ನಮ್ಮವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಆ ಆಟಕ್ಕೆ ಬೆಂಕಿ ಬೀಳಲಿ.

ನಮ್ಮವರು ಕಣಿವೆಯ ಬಾಯಲ್ಲಿದ್ದ ಕುಲದ ಮುಖಂಡರು. ಗಂಡನ ಹೆಸರು ನಾವು ಹೇಳುವುದಿಲ್ಲ, ಈಗಲೂ ಹೇಳುವುದಿಲ್ಲ. ನನ್ನ ಅಣ್ಣ ಎಸೆನ್‌ಕುಲ್ ಮೇಲಿನ ದಿಣ್ಣೆಯಾಚೆಯ ಕುಲಕ್ಕೆ ಮುಖಂಡ. ಹುಲ್ಲುಗಾವಲಿಗಾಗಿ ಎರಡೂ ಕುಲದವರು ಅಜ್ಜಂದಿರ ಕಾಲದಿಂದ ಹೊಡೆದಾಡಿದ್ದರು. ನನ್ನನ್ನು ಕೊಟ್ಟ ಮೇಲೆ ಹೊಡೆದಾಟ ನಿಂತಿತು, ಅನುಮಾನ ನಿಲ್ಲಲಿಲ್ಲ. ಕೊಕಂದಿನ ಖಾನನ ಪಡೆ ಮಂದೆಗಳನ್ನು ದೋಚಲು ಬರುತ್ತಿದೆ ಎಂದು ತಿಳಿದಾಗ ಇಬ್ಬರೂ ಒಂದೇ ಬಟ್ಟಲಿನಿಂದ ಕುದುರೆ ಹಾಲು ಹುಳಿಸಿದ ಕುಮಿಸ್ ಕುಡಿದು ಆಣೆ ಮಾಡಿದರು. ಪಡೆಯನ್ನು ಕಣಿವೆಯ ಬಾಯಲ್ಲಿ ನಾವು ತಡೆಯಬೇಕು, ದಿಣ್ಣೆಯಿಂದ ಇಳಿದು ಅಣ್ಣ ಹಿಂದಿನಿಂದ ಬೀಳಬೇಕು. ಮಾತು ಇಷ್ಟೇ.

ಇಷ್ಟೇ ಮಾತಾಗಿದ್ದರೆ ಎಲ್ಲರೂ ಬದುಕುತ್ತಿದ್ದರು. ಆದರೆ ಗಂಡಸರಿಗೆ ಬುದ್ಧಿ ಹೆಚ್ಚು.

ನಮ್ಮ ಬಹಳಷ್ಟು ಜನ ಮಂದೆಗಳ ಜೊತೆ ದೂರದ ಬೇಸಿಗೆ ಗಾವಲಿಗೆ ಹೋಗಿದ್ದರು. ಕಣಿವೆಯಲ್ಲಿ ಉಳಿದವರು ಎಂಬತ್ತು ಮಂದಿ. ನಮ್ಮವರು ಬೆಟ್ಟದ ಅರ್ಚಾ ಗಿಡಗಳನ್ನು ಕಡಿಸಿ, ಕೊಂಬೆಗಳನ್ನು ಕುದುರೆಗಳ ಬಾಲಕ್ಕೆ ಕಟ್ಟಿಸಲು ಶುರು ಮಾಡಿದರು. ಓಡಿಸಿದರೆ ಸಾವಿರ ಕುದುರೆ ಬಂದಷ್ಟು ಧೂಳು ಏಳುತ್ತದೆ.

"ಖಾನನವರು ಹೆದರ್ತಾರೆ ಸರಿ. ನಮ್ಮಣ್ಣನಿಗೆ ಇದು ಧೂಳು ಅಷ್ಟೇ ಅಂತ ಹೇಳಿ ಕಳಿಸಬೇಡ್ವಾ?" ಎಂದೆ.

"ಹುಚ್ಚಿ, ಅವನಿಗೂ ಸೇರಿಸಿಯೇ ಈ ಧೂಳು," ಎಂದರು ನಮ್ಮವರು. "ಎಂಬತ್ತೇ ಜನ ಅಂತ ಗೊತ್ತಾದ್ರೆ ಅವನು ಇಳೀತಾನಾ? ಸೋಲೋ ಕುದುರೆ ಹಿಂದೆ ಯಾರು ಬರ್ತಾರೆ? ನಾವು ಗೆಲ್ತೀವಿ ಅನ್ನಿಸಿದ್ರೆ ಪಾಲು ತಪ್ಪುತ್ತೆ ಅಂತ ಓಡಿ ಬರ್ತಾನೆ."

"ಅವನು ನಿಮ್ಮ ಭಾವ, ಕಳ್ಳ ಅಲ್ಲ."

"ಭಾವ ಹೌದು, ಪಕ್ಕದ ಕುಲದ ಮುಖಂಡನೂ ಹೌದು. ನೀನು ತವರಿಗೆ ಹೋಗಿ ಸುಮ್ನೆ ಕೂತ್ಕೋ. ಇಲ್ಲಿ ನಿನ್ನನ್ನ ಇಟ್ಕೊಂಡು ನಾನು ಹೋರಾಡೋಕಾಗಲ್ಲ." ಕೊನೆಯ ಮಾತು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಜೀನಿನ ಪಟ್ಟಿ ಬಿಗಿಯುತ್ತಿದ್ದರು.

ಹೋದೆ. ಖಾನನ ಪಡೆ ಬಂದ ದಿನ ಬೆಳಿಗ್ಗೆ ನಾನು ದಿಣ್ಣೆಯ ಮೇಲೆ ಅಣ್ಣನ ಪಕ್ಕದಲ್ಲಿದ್ದೆ. ಹಿಂದೆ ಅವನ ಐನೂರು ಸವಾರರು ಸಾಲಾಗಿ ನಿಂತಿದ್ದರು. ಕೆಳಗೆ ಕಣಿವೆಯ ಬಾಯಲ್ಲಿ ಧೂಳು ಎದ್ದಿತು. ನಮ್ಮವರು ಹೇಳಿದ್ದಕ್ಕಿಂತ ಹೆಚ್ಚೇ ಎದ್ದಿತು. ಗುಟ್ಟು ಗೊತ್ತಿದ್ದ ನನಗೇ ಒಂದು ಗಳಿಗೆ ಎದೆ ಉಬ್ಬಿತು.

ಅಣ್ಣನ ಮುಖ ಮಾತ್ರ ಕಪ್ಪಿಟ್ಟಿತು. "ಇಷ್ಟು ಜನ ಎಲ್ಲಿಂದ ಬಂದ್ರು ನಿನ್ನ ಗಂಡನಿಗೆ? ನನ್ನ ಹತ್ರ ಬಾಯಿಬಿಡಲಿಲ್ಲ ನೋಡು, ಕಳ್ಳ."

"ಬಂದಿಲ್ಲ ಅಣ್ಣ. ಎಂಬತ್ತೇ ಜನ. ಬಾಲಕ್ಕೆ ಅರ್ಚಾ ಕೊಂಬೆ ಕಟ್ಟಿದ್ದಾರೆ."

ಅಣ್ಣ ನನ್ನತ್ತ ತಿರುಗಿ ನಕ್ಕ. ಆ ನಗೆ ನನಗೆ ಗೊತ್ತಿದ್ದ ನಗೆ. ಬೂದು ಕುದುರೆ ಕೊಟ್ಟ ದಿನ ನಕ್ಕ ನಗೆಯೇ. "ಕುರಿಗೆ ರೋಗ ಬಂದಿಲ್ವಾ ಈ ಸಲ? ಕುಮುಷಿ, ನಿನ್ನ ಬಡತನ ನಾನು ಕಂಡಿಲ್ವೇನೇ!" ಹಿಂದಿದ್ದ ಸವಾರರೂ ನಕ್ಕರು.

"ಅಯ್ಯೋ, ಇದು ಆ ಮಾತಲ್ಲ ಅಣ್ಣ! ನಿನ್ನ ತಲೆ ಮೇಲೆ ಆಣೆ ಇಡ್ತೀನಿ."

"ಆಣೆ ಅವನೂ ಇಟ್ಟಿದ್ದಾನೆ. ಕೇಳು, ಸಾವಿರ ಜನ ಇರೋನಿಗೆ ನನ್ನ ಐನೂರು ಯಾಕೆ ಬೇಕು? ನನ್ನ ಕೈಲಿ ಖಾನನನ್ನ ಹೊಡೆಸಿ, ನಾನು ಸೊರಗಿದ ಮೇಲೆ ನಾಳೆ ನನ್ನ ಹುಲ್ಲಿಗೆ ಬರ್ತಾನೆ. ಅವರಿಬ್ಬರೂ ಸ್ವಲ್ಪ ಹೊಡೆದಾಡ್ಲಿ. ನಿನ್ನ ಗಂಡ ಸಾಯಲ್ಲ, ಹೆದರಬೇಡ. ಮೈ ಸ್ವಲ್ಪ ಇಳೀಲಿ ಅಷ್ಟೇ. ಆಮೇಲೆ ನಾನೇ ಇಳೀತೀನಿ."

ಅದು ಕೆಟ್ಟವನ ಮಾತಲ್ಲ. ಅದೇ ನನ್ನ ಸಂಕಟ. ಅವನ ಜಾಗದಲ್ಲಿ ನಮ್ಮವರಿದ್ದರೂ ಹಾಗೇ ಎಣಿಕೆ ಹಾಕುತ್ತಿದ್ದರು. ಕೆಳಗಿದ್ದವರು ಬಲ ತೋರಿಸಿದರೆ ಇವನು ಬರುತ್ತಾನೆಂದು ತಿಳಿದಿದ್ದರು, ಇವನು ಆ ಬಲ ನೋಡಿಯೇ ನಿಂತುಬಿಟ್ಟ.

ಖಾನನ ಬೇಹಿನವರು ಎದುರು ಗುಡ್ಡದಿಂದ ನೋಡಿದರಂತೆ. ಅವೇ ಕುದುರೆಗಳು ಒಂದೇ ಜಾಗದಲ್ಲಿ ಸುತ್ತುತ್ತಿರುವುದು ಅವರಿಗೆ ಚೆನ್ನಾಗಿ ಕಂಡಿತಂತೆ. ಮೋಸ ಹೋದವನು ನನ್ನ ಅಣ್ಣ ಒಬ್ಬನೇ.

ಫಿರಂಗಿಯ ಸದ್ದು ಕೇಳಿದಾಗ ನಾನು ಓಡಿ ಅಣ್ಣನ ಕುದುರೆಯ ಲಗಾಮು ಹಿಡಿದು ಜಗ್ಗಿದೆ. "ಇಳಿ ಅಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ಈಗ ಇಳಿ!" ಅವನು ಬಾಗಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನೋಯಿಸದಂತೆ ಬಿಡಿಸಿದ. ಚಿಕ್ಕವಳಿದ್ದಾಗ ಮುಳ್ಳು ತೆಗೆಯುತ್ತಿದ್ದುದೂ ಹೀಗೆಯೇ.

ಮಧ್ಯಾಹ್ನದ ಗಾಳಿ ಎದ್ದು ಧೂಳನ್ನು ಒಯ್ದಿತು. ಬಯಲು ಚೊಕ್ಕಟವಾಗಿ ಕಂಡಿತು. ಅಲ್ಲಿ ಸಾವಿರ ಜನ ಇರಲಿಲ್ಲ. ಅಣ್ಣ ಏನೋ ಕಿರುಚಿದ, ಐನೂರು ಕುದುರೆಗಳು ಒಟ್ಟಿಗೆ ಇಳಿದವು. ಅವರನ್ನು ಕಂಡು ಖಾನನ ಪಡೆ ಹಿಂದೆ ಸರಿಯಿತು. ಸರಿಯುವ ಹೊತ್ತಿಗೆ ಅದರ ಕೆಲಸ ಮುಗಿದಿತ್ತು. ನಮ್ಮವರು ತಮ್ಮ ಕುದುರೆಯ ಕೆಳಗೆ ಸಿಕ್ಕಿದ್ದರು. ಬಾಲದ ಕೊಂಬೆ ಇನ್ನೂ ಹಸಿರಾಗಿತ್ತು.

ಮಣ್ಣು ಮಾಡಿದ ಕೆಲವು ದಿನಗಳಿಗೆ ಅಣ್ಣ ದುಃಖಕ್ಕೆ ಬಂದ. ನಮ್ಮಲ್ಲಿ ದುಃಖಕ್ಕೆ ಬರುವವರು ದೂರದಿಂದಲೇ ಕೂಗಿ ಅಳುತ್ತ ಕುದುರೆ ಓಡಿಸಿಕೊಂಡು ಬರುತ್ತಾರೆ. ಸತ್ತವರ ಕಡೆಯ ಗಂಡಸರು ಎದುರು ಹೋಗಿ ಲಗಾಮು ಹಿಡಿದು ಇಳಿಸಿಕೊಳ್ಳಬೇಕು. ಹಿಡಿದರೆ ನೆಂಟ, ಹಿಡಿಯದಿದ್ದರೆ ಪರದೇಶಿ. ನಾನು ಡೇರೆಯೊಳಗೆ ವಿಧವೆ ಕೂರುವಂತೆ ಗೋಡೆಗೆ ಮುಖ ಮಾಡಿ ಕೂತಿದ್ದೆ.

"ಓ ನನ್ನ ಮೈದುನಾ! ನನ್ನ ಬೆನ್ನಿನ ಮೂಳೆಯೇ!" ಎಂದು ಅಣ್ಣನ ದನಿ ಕೇಳಿತು. ಆಮೇಲೆ ಕುದುರೆ ಸುತ್ತುವ ಸದ್ದು. ಒಂದು ಸುತ್ತು, ಇನ್ನೊಂದು ಸುತ್ತು. ಯಾರೂ ಲಗಾಮು ಹಿಡಿಯಲಿಲ್ಲ. ಅಳು ಕೂಗು ಸಣ್ಣದಾಗುತ್ತ ಬಂತು. ಅವನನ್ನು ಕೊಲ್ಲಬೇಕೆನ್ನುವಷ್ಟು ಸಿಟ್ಟಿತ್ತು ನನಗೆ. ಆದರೂ ಆ ಸುತ್ತುವ ಸದ್ದು ಕೇಳಲಾರದೆ ಹೋದೆ.

ವಿಧವೆ ಹೊರಗೆ ಬರಬಾರದು. ಬಂದೆ. ಲಗಾಮು ಹಿಡಿದೆ. ಈ ಸಲ ನನ್ನ ಬೆರಳುಗಳನ್ನು ಯಾರೂ ಬಿಡಿಸಲಿಲ್ಲ.

"ಇಳಿ," ಎಂದೆ. ಇಳಿದ. ನನ್ನನ್ನು ತಬ್ಬಲು ಕೈ ಚಾಚಿದ.

"ಆಮೇಲೆ. ಮೊದ್ಲು ಅಲ್ಲಿಗೆ ಹೋಗು," ಎಂದು ಹೊಸ ಗೋರಿಗಳ ಕಡೆ ಕೈ ತೋರಿಸಿದೆ. "ಎಣಿಸು. ಆಮೇಲೆ ಇಲ್ಲಿ ಬಂದು ಅವತ್ತು ಹೋರಾಡಿ ಉಳಿದವರನ್ನೂ ಎಣಿಸು."

ಅಣ್ಣ ತಲೆಯ ಟೋಪಿ ಕೈಯಲ್ಲಿ ಹಿಡಿದು ಗೋರಿಗಳ ನಡುವೆ ನಡೆದ. ತುಟಿ ಅಲ್ಲಾಡುತ್ತಿತ್ತು. ಅಲ್ಲಿ ಬಹಳ ಹೊತ್ತು ಬೇಕಾಯಿತು. ವಾಪಸು ಬಂದು ಡೇರೆಗಳ ಮುಂದೆ ನಿಂತಿದ್ದವರನ್ನು ಎಣಿಸಿದ. ಅವರನ್ನು ಎಣಿಸಲು ಹೊತ್ತು ಬೇಕಾಗಲಿಲ್ಲ. ಅವರು ಒಬ್ಬರೂ ಅವನ ಕಣ್ಣು ತಪ್ಪಿಸಲಿಲ್ಲ.

"ಎಂಬತ್ತು," ಎಂದ ನನ್ನ ಹತ್ತಿರ ಬಂದು. ಕೇಳಿಯೂ ಕೇಳಿಸದಂಥ ದನಿ. "ನೀನು ಹೇಳಿದಷ್ಟೇ ಇದ್ರು, ತಂಗಿ."

"ಹೇಳಿದ್ನಲ್ಲ, ಅಣ್ಣ."

"ಹೌದು, ನೀನು ಹೇಳಿದ್ದೆ," ಎಂದು ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತ.

ಈಗಲೂ ನಾನು ತವರಿಗೆ ಹೋಗುತ್ತೇನೆ. ಅಣ್ಣನೂ ಮುದುಕನಾಗಿದ್ದಾನೆ. ಅಲ್ಲಿ ನಾನು ಏನು ಹೇಳಿದರೂ ಯಾರೂ ನಗುವುದಿಲ್ಲ, ಒಂದಕ್ಷರ ಕಳೆಯದೆ ನಂಬುತ್ತಾರೆ. ಹೇಗಿದ್ದೀ ಎಂದು ಅಣ್ಣ ಕೇಳುತ್ತಾನೆ. ಚೆನ್ನಾಗಿದ್ದೀನಿ ಎನ್ನುತ್ತೇನೆ. ಅದನ್ನೂ ನಂಬುತ್ತಾನೆ.