ಬಿಸಿನೀರಿನ ತೊಟ್ಟಿಯಲ್ಲಿ ಸಮಿತಿ

ಲಮಾಂಟ್ ಮೂರನೆಯ ಸಲ ಅರ್ಜಿ ಬರೆದು ತಂದು ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟ. ಅಲಬಾಮಾದವನು, ಏಳು ದೇಶಗಳಲ್ಲಿ ಬಾಸ್ಕೆಟ್‌ಬಾಲ್ ಆಡಿ, ಕೊನೆಗೆ ಐಸ್‌ಲ್ಯಾಂಡಿನ ಈ ನಮ್ಮ ಮೀನುಗಾರರ ಊರಿಗೆ ಬಂದು, ಇಲ್ಲೇ ಮಂಡಿ ಕೆಡಿಸಿಕೊಂಡ. ಇನ್ನು ಆಡುವಂತಿಲ್ಲ. ಊರಿನ ಕ್ರೀಡಾ ಸಂಘದಲ್ಲಿ ಹುಡುಗಿಯರ ತಂಡದ ಕೋಚ್ ಕೆಲಸ ಸಿಕ್ಕರೆ ಇಲ್ಲೇ ಇರಬಹುದು, ಇಲ್ಲದಿದ್ದರೆ ತಿಂಗಳ ಕೊನೆಗೆ ವಿಮಾನ ಹತ್ತಬೇಕು. ನನ್ನ ಮನೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದ. ಕೆಲಸ ಇನ್ನೂ ಸಿಗದಿದ್ದರೂ, ಪುಟ್ಟ ಹುಡುಗಿಯರ ಬೆರಳು ಮರಗಟ್ಟಬಾರದೆಂದು ಅಭ್ಯಾಸಕ್ಕೆ ಮೊದಲೇ ಚೆಂಡುಗಳನ್ನೆಲ್ಲ ಹೀಟರ್ ಪಕ್ಕ ಸಾಲಾಗಿ ಇಟ್ಟು ಬೆಚ್ಚಗೆ ಮಾಡುತ್ತಿದ್ದ, ಯಾರೂ ಹೇಳಿಕೊಟ್ಟದ್ದಲ್ಲ.

"ಅಮ್ಮಾವ್ರೇ, ಇದರಲ್ಲಿ ಏನಾದ್ರೂ ತಪ್ಪಿದೆಯಾ ನೋಡಿ. ಯಾರೂ ಉತ್ತರಾನೇ ಕೊಡ್ತಿಲ್ಲ."

ನಲವತ್ತು ವರ್ಷ ಗಣಿತ ಕಲಿಸಿದ ನನ್ನನ್ನು ಊರಿನ ಮಕ್ಕಳೂ ಹೆಸರು ಹಿಡಿದೇ ಕರೆಯುತ್ತಾರೆ. ಅಮ್ಮಾವ್ರೇ ಅನ್ನುವವನು ಇವನೊಬ್ಬನೇ.

"ಅರ್ಜಿ ಚೆನ್ನಾಗಿದೆ. ನೀನು ಈಜುಕೊಳಕ್ಕೆ ಯಾಕೆ ಬರಲ್ಲ?"

"ಮಂಡಿ ನೋವಿಗಾ?"

"ಕೆಲಸಕ್ಕೆ ಕಣೋ! ಸಮಿತಿ ಅಲ್ಲೇ ಕೂರೋದು. ಬೆಳಿಗ್ಗೆ ಏಳಕ್ಕೆ, ಬಿಸಿನೀರಿನ ತೊಟ್ಟೀಲಿ."

ಅವನು ನಗಲಿಲ್ಲ. "ಮೂರು ವಾರದಿಂದ ನಾನು ಸಂಘದ ಆಫೀಸ್ ಬಾಗಿಲಲ್ಲಿ ಟೈ ಕಟ್ಕೊಂಡು ಕೂತಿದ್ದೀನಿ."

"ಗೊತ್ತು. ಯಾರದ್ದಾದ್ರೂ ಮದುವೆಯಾ ಅಂತ ಬಾರ್ಡುರ್ ಕೇಳ್ತಿದ್ದ."

ಬಾರ್ಡುರ್ ಸಂಘದ ಅಧ್ಯಕ್ಷ, ಮೀನು ಕಾರ್ಖಾನೆಯವನು. ತೊಟ್ಟಿಗೆ ಬಾರದವನಿಗೆ ಕೆಲಸ ಬೇಕಿಲ್ಲವೆಂದು ತೀರ್ಮಾನಿಸಿ, ಸದಾ ಕಿರಚಾಡುವ ತನ್ನ ಸೋದರಳಿಯನಿಗೆ ಅದನ್ನು ಕೊಡುವ ಯೋಚನೆಯಲ್ಲಿದ್ದ.

ಮರುದಿನ ಬೆಳಿಗ್ಗೆ ನಾನು, ಬಾರ್ಡುರ್, ಸಮಿತಿಯ ಇನ್ನೊಬ್ಬ ಸದಸ್ಯೆ ನರ್ಸ್ ಉನ್ನುರ್, ಬಯಲಲ್ಲಿದ್ದ ಆ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದೆವು. ಎದುರಿಗೆ ಜರ್ಮನಿಯ ಪ್ರವಾಸಿ ದಂಪತಿ. ಗಂಡಸರ ಸ್ನಾನದ ಕೋಣೆಯಿಂದ ಈಜುಕೊಳದ ಕಾವಲಿನವನ ದನಿ ಕೇಳಿಸಿತು:

"ಚಡ್ಡಿ ಬಿಚ್ಚಿ ಸೋಪು ಹಾಕ್ಕೊಳ್ಳಪ್ಪಾ! ಆಮೇಲೆ ನೀರಿಗಿಳಿ."

"ಎಲ್ಲರೆದುರಿಗಾ?"

"ಎಲ್ಲರ ಹತ್ರಾನೂ ಇರೋದೇ!"

"ಎರಡನೇ ಸಲ ವಾಪಸ್ ಕಳಿಸ್ತಿರೋದು," ಎಂದಳು ಉನ್ನುರ್, ಕಿವಿ ಅತ್ತಲೇ ಇಟ್ಟು.

ಕೊನೆಗೂ ಲಮಾಂಟ್ ಬಂದ. ಆರಡಿ ಒಂಬತ್ತಂಗುಲದ ಆಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಅರ್ಜಿ. ಅವನು ಇಳಿದ ಕೂಡಲೇ ನೀರು ಉಕ್ಕಿ ಹರಿದು, ಅಂಚಿನಲ್ಲಿದ್ದ ಜರ್ಮನ್ ಹೆಂಗಸಿನ ಚಪ್ಪಲಿ ತೇಲಿಹೋಯಿತು. ಅವನೇ ಕುಂಟುತ್ತ ಎದ್ದು ಹೋಗಿ ತಂದು, ಮೊದಲಿದ್ದ ಹಾಗೆಯೇ ಜೋಡಿಸಿಟ್ಟ.

ಬಾರ್ಡುರ್ ಅರ್ಜಿಯತ್ತ ನೋಡಲಿಲ್ಲ. ಗಾಳಿಯ ಮಾತಾಡಿದ. ಮೀನಿನ ಮಾತಾಡಿದ. ಆಮೇಲೆ ಬೆಟ್ಟ ನೋಡುತ್ತ ಕೇಳಿದ: "ನಮ್ಮ ಹುಡುಗಿಯರು ನಲವತ್ತು ಪಾಯಿಂಟಿಂದ ಸೋತು ಬಂದ್ರೆ ಏನಂತೀಯ?"

ಲಮಾಂಟ್ ಯೋಚಿಸಿದ. "ಏಳು ದೇಶದಲ್ಲೂ ಹಾಗೆ ಸೋತಿದ್ದೀನಿ. ಎಲ್ಲಾ ಕಡೆ ಬೈದ್ರು. ಒಂದು ಕಡೆಯಂತೂ ಬಸ್ಸಲ್ಲಿ ಊಟಾನೇ ಕೊಡಲಿಲ್ಲ. ನಾನು ಮೊದಲು ಊಟ ಹಾಕಿಸ್ತೀನಿ. ಬೈಗುಳ ಮಾರನೇ ದಿನಕ್ಕೂ ಕೆಡಲ್ಲ."

"ಗೆದ್ದರೆ?"

"ಅವತ್ತೂ ಹಸಿವಾಗುತ್ತಲ್ಲ."

"ನಮ್ಮ ಹುಡುಗ ಬರೀ ಕಿರಚ್ತಾನೆ," ಎಂದ ಬಾರ್ಡುರ್ ತನ್ನಷ್ಟಕ್ಕೇ, ಸೋದರಳಿಯನನ್ನು ನೆನೆದು. ಆಮೇಲೆ, "ಸೋಮವಾರ ಐದಕ್ಕೆ ಹುಡುಗಿಯರು ಬರ್ತಾರೆ. ತಡ ಮಾಡ್ಬೇಡ," ಎಂದು ಕಣ್ಣು ಮುಚ್ಚಿಕೊಂಡ.

ಲಮಾಂಟ್ ನನ್ನ ಕಡೆ ಬಗ್ಗಿ ಪಿಸುಗುಟ್ಟಿದ: "ಅಮ್ಮಾವ್ರೇ, ಸಮಿತಿ ಯಾವಾಗ ತೀರ್ಮಾನ ಮಾಡುತ್ತೆ?"

"ಆಗಿಹೋಯ್ತಲ್ಲೋ!" ಎಂದಳು ಉನ್ನುರ್. "ಈಗ ಕಾಲು ಮಡಚ್ಕೋ, ನಂಗೆ ಜಾಗ ಇಲ್ಲ."

ಅವನು ಮಡಚಲಿಲ್ಲ, ಎದ್ದೇ ನಿಂತ. ಕೊರೆಯುವ ಗಾಳಿಯಲ್ಲಿ ಮೈಯೆಲ್ಲ ಹಬೆಯಾಡುತ್ತ ಬಾರ್ಡುರನ ಕೈ ಕುಲುಕಿದ, ಉನ್ನುರಳದು, ನನ್ನದು, ಆಮೇಲೆ ಆ ಜರ್ಮನ್ ದಂಪತಿಯದು ಕೂಡ. ಪಾಪ, ಅವರಿಗೆ ವಿಷಯ ಏನೆಂದೇ ಗೊತ್ತಿರಲಿಲ್ಲ. ಆದರೂ ಇಬ್ಬರೂ ಎದ್ದು ನಿಂತು, ತುಂಬ ಸಂತೋಷವಾಯಿತು ಎಂದರು.