ಗೋದಾಮು ಕೆಡವಿದ ಇಬ್ಬರು

ಮಂಗಳವಾರ ಸಂಜೆ ನಾಲ್ಕೂವರೆಗೆ ಪೋರ್ಟ್ ಹಾಲಿಸ್‌ನ ಹಳೆಯ ಗೋಧಿ ಗೋದಾಮು ಕುಸಿದುಬಿತ್ತು. ಕೆಡವಿದವರು ಊರು ಕಾಯುವ ಮುಖವಾಡದ ಹೆಂಗಸರೇ: ಸುತ್ತಿಗೆ ಮತ್ತು ಬೆಳ್ಳಕ್ಕಿ. ಸುತ್ತಿಗೆಯ ಗುದ್ದಿಗೆ ಕಾಂಕ್ರೀಟು ನಿಲ್ಲುವುದಿಲ್ಲ. ಬೆಳ್ಳಕ್ಕಿ ಹಾರುತ್ತಾಳೆ. ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಿದವರು.

ಗೋದಾಮು ಡ್ವೈಟ್ ಮರ್ಸರ್ ಎಂಬ ಮುದುಕನದು. ಅದನ್ನು ಕೆಡವಿ ಸರೋವರ ಕಾಣುವ ಮನೆಗಳನ್ನು ಕಟ್ಟಬೇಕೆಂಬುದು ಅವನ ಆಸೆ. ಪಾರಂಪರಿಕ ಕಟ್ಟಡವೆಂದು ನಗರಸಭೆ ಪ್ರತಿ ಸಲವೂ ಅನುಮತಿ ನಿರಾಕರಿಸಿತ್ತು. ಮೇಲಿನ ಕೋಣೆಯನ್ನು ಅವನು ಈ ಇಬ್ಬರಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದ.

ಮುಖವಾಡದವರಲ್ಲಿ ಒಂದು ನೇಮವಿದೆ. ಹೆಸರೇನು, ಮನೆ ಎಲ್ಲಿ ಎಂದು ಒಬ್ಬರನ್ನೊಬ್ಬರು ಕೇಳಬಾರದು, ಹೇಳಲೂಬಾರದು. ಒಬ್ಬಳು ಸಿಕ್ಕಿಬಿದ್ದು ಬಾಯಿಬಿಟ್ಟರೂ ಇನ್ನೊಬ್ಬಳ ಮನೆಯವರು ಉಳಿಯಬೇಕಲ್ಲ. ಫೋನ್ ನಂಬರ್ ಕೂಡ ಕೊಟ್ಟುಕೊಂಡಿರಲಿಲ್ಲ. ಹೇಳುವುದೇನಿದ್ದರೂ ಮರ್ಸರ್‌ಗೆ ಹೇಳಿ ಹೋಗುತ್ತಿದ್ದರು.

ಸುತ್ತಿಗೆಯ ನಿಜ ಹೆಸರು ಲೊರೆಟಾ ಪಜ್ದಾ. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಅವಳಿಗಿರುವುದು ಅಪ್ಪ ಕ್ಯಾಸಿಮಿರ್ ಒಬ್ಬರೇ, ವಾಸವೂ ಅವರ ಮನೆಯಲ್ಲೇ. ಅವರು ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡೇ ಓಡಾಡುತ್ತಾರೆ. ಮರ್ಸರ್ ಒಮ್ಮೆ ಅವಳ ಬೆನ್ನು ಹತ್ತಿ ಹೋಗಿ ಮನೆ ನೋಡಿಕೊಂಡು ಬಂದಿದ್ದ. ಅದು ಅವಳಿಗೆ ಗೊತ್ತಿರಲಿಲ್ಲ.

ಭಾನುವಾರ ಅವಳಿಗೆ ಕಾಫಿ ಬಗ್ಗಿಸುತ್ತ ಅವನು ಮಾತು ತೆಗೆದ.

"ನೋಡಮ್ಮಾ, ನನಗ್ಯಾಕೆ ಬೇಕು ಈ ಉಸಾಬರಿ. ಆದ್ರೂ ಹೇಳ್ತೀನಿ. ನಿನ್ನ ಮನೆ ಎಲ್ಲಿ ಅಂತ ಬೆಳ್ಳಕ್ಕಿ ವಿಚಾರಿಸ್ತಿದ್ಲು."

"ಅವಳಾ? ಅವಳು ಅದನ್ನೆಲ್ಲ ಕೇಳೋಳಲ್ಲ."

"ಹಾಗಾದ್ರೆ ನನ್ನ ಕಿವೀನೇ ಕೆಟ್ಟಿರ್ಬೇಕು ಬಿಡು. ವಯಸ್ಸಾಯ್ತಲ್ಲ."

ಮರುದಿನ ಅಪ್ಪನ ಮನೆಯೆದುರು ಕಂದು ಬಣ್ಣದ ಕಾರು ನಿಂತಿತ್ತು. ಒಳಗಿದ್ದವನು ಮನೆಯ ಫೋಟೊ ತೆಗೆದು ಹೊರಟುಹೋದ. ಅವನನ್ನು ಕಳಿಸಿದವನು ಮರ್ಸರ್. ಕಿಟಕಿಯಿಂದ ಅದನ್ನು ಕಂಡ ಲೊರೆಟಾ ಬೆಳ್ಳಕ್ಕಿಯೇ ಕಳಿಸಿದ್ದಾಳೆಂದುಕೊಂಡಳು.

ಬೆಳ್ಳಕ್ಕಿಗೆ ಮರ್ಸರ್ ಹೇಳಿದ್ದೇ ಬೇರೆ. ಹಿಂದಿನ ತಿಂಗಳು ಸೇತುವೆಯಿಂದ ಜಾರಿದ ಬಸ್ಸನ್ನು ಹಿಡಿಯಲು ಅವಳಿಗೆ ಆಗಿರಲಿಲ್ಲ. "ನೀನು ಹೆದರಿ ಕೈಬಿಟ್ಟೆ ಅಂತ ಸುತ್ತಿಗೆ ಪೊಲೀಸರ ಹತ್ರ ಹೇಳಿದಾಳಂತೆ," ಎಂದ. ನಂತರ ಇಬ್ಬರನ್ನೂ ಮಂಗಳವಾರ ಗೋದಾಮಿನ ನೆಲಮಹಡಿಗೆ ಬರಹೇಳಿ, ತಾನು ಬೇಕರಿಗೆ ಹೋಗಿ ಕುಳಿತ.

"ಬಂದ್ಲಪ್ಪಾ ಚಾಡಿಕೋರಿ," ಎಂದಳು ಬೆಳ್ಳಕ್ಕಿ.

ಸುತ್ತಿಗೆ ನೇರವಾಗಿ ಗುದ್ದಿದಳು. ಬೆಳ್ಳಕ್ಕಿ ಮೇಲಕ್ಕೆ ಹಾರಿದಳು, ಗುದ್ದು ಕಂಬಕ್ಕೆ ಬಿತ್ತು. ಎರಡನೆಯ ಕಂಬಕ್ಕೂ ಅದೇ ಗತಿಯಾಯಿತು.

"ನಿಂಗೇನು ತಲೆ ಕೆಟ್ಟಿದೆಯೇನೇ? ಬಸ್ಸಿನ ವಿಷಯ ಪೊಲೀಸರಿಗೆ ಹೇಳಿದ್ದು ನೀನು. ಈಗ ನೀನೇ ಹೊಡಿತೀಯಾ?"

"ಯಾವ ಬಸ್ಸೇ? ನಮ್ಮಪ್ಪನ ಮನೆ ಮುಂದೆ ಆಳು ಕಳಿಸಿದೀಯಲ್ಲ, ಅದಕ್ಕೆ ಹೊಡಿತೀನಿ!"

"ನಿಂಗೆ ಅಪ್ಪ ಇದಾರೆ ಅಂತಾನೇ ನಂಗೆ ಗೊತ್ತಿಲ್ಲ ಕಣೇ!"

ಎತ್ತಿದ ಕೈಯನ್ನು ಸುತ್ತಿಗೆ ಇಳಿಸಿದಳು.

"ಮರ್ಸರ್ ಹೇಳಿದ," ಎಂದಳು.

"ನಂಗೂ ಅವನೇ ಹೇಳಿದ್ದು."

ಅಷ್ಟರಲ್ಲಿ ಮೂರನೆಯ ಕಂಬ ತಾನಾಗಿಯೇ ಬಿರಿಯಿತು. ಬೆಳ್ಳಕ್ಕಿ ಅವಳ ಕಂಕುಳಿಗೆ ಕೈಹಾಕಿ ಕಿಟಕಿಯಿಂದ ಹೊರಕ್ಕೆ ಎಳೆದೊಯ್ದಳು. ಹಿಂದೆಯೇ ಕಟ್ಟಡ ನೆಲಕಚ್ಚಿತು.

ಹಿಮದ ಮೇಲೆ ಇಬ್ಬರೂ ಕೆಮ್ಮುತ್ತ ಕುಳಿತರು.

"ಆ ಆಳು ಇವತ್ತೂ ಅಲ್ಲೇ ಇದ್ರೆ? ನೀನು ಓಡಿ ಹೋಗೋಷ್ಟರಲ್ಲಿ ನಾನು ಹಾರಿ ಮುಟ್ತೀನಿ. ಮನೆ ಎಲ್ಲಿ, ಹೇಳು," ಎಂದಳು ಬೆಳ್ಳಕ್ಕಿ.

ಲೊರೆಟಾ ಎದ್ದು ರಸ್ತೆಯ ಕಡೆಗೆ ಓಡಹೊರಟಳು.

"ಹೇಳೇ ತಾಯಿ! ನೇಮ ಆಮೇಲೆ ನೋಡ್ಕೊಳ್ಳೋಣ."

"ಡುಬೊವ್‌ಸ್ಕಿ ರಸ್ತೆ. ಹಸಿರು ಬಾಗಿಲು."

ಕಂದು ಕಾರು ಅಲ್ಲಿಯೇ ಇತ್ತು. ಕಾರು ಮಾತ್ರ ಖಾಲಿ. ಚಳಿಗೆ ನಡುಗುತ್ತಿದ್ದವನನ್ನು ಕ್ಯಾಸಿಮಿರ್ ಒಳಗೆ ಕರೆದು, ಬೆಣ್ಣೆಯಲ್ಲಿ ಹುರಿದ ಪಿಯೆರೋಗಿ ಕಡುಬು ಬಡಿಸಿದ್ದರು.

"ಬಾಮ್ಮಾ, ನೀನೂ ಕೂತ್ಕೋ," ಎಂದರು ಬಾಗಿಲಲ್ಲಿ ನಿಂತ ಬೆಳ್ಳಕ್ಕಿಗೆ. "ಅದೇನು ಮುಖವಾಡ ಹಾಕ್ಕೊಂಡೇ ತಿಂತೀಯಾ?"

ತಿನ್ನುತ್ತಿದ್ದವನು ಅವಳನ್ನು ನೋಡಿದವನೇ ತನ್ನನ್ನು ಕಳಿಸಿದ್ದು ಮರ್ಸರ್ ಎಂದು ಒಪ್ಪಿಕೊಂಡ.

ಮರ್ಸರ್ ಮೇಲೆ ಕೊಟ್ಟ ದೂರು ಬಿದ್ದುಹೋಯಿತು. ಕಂಬ ಒಡೆದದ್ದು ಅವನಲ್ಲ. ಬೀದಿಯಲ್ಲಿ ನಿಂತು ಫೋಟೊ ತೆಗೆಯುವುದು ಆ ಊರಿನಲ್ಲಿ ಅಪರಾಧವೂ ಅಲ್ಲ. ಅವಶೇಷ ತೆರವಿಗೆ ನಗರಸಭೆ ಅನುಮತಿ ಕೊಟ್ಟಿತು.

ಬೆಳ್ಳಕ್ಕಿ ಮತ್ತು ಸುತ್ತಿಗೆ ಈಗಲೂ ಒಟ್ಟಿಗೆ ಕೆಲಸ ಮಾಡುತ್ತಾರೆ. ಗೋದಾಮು ಬಿದ್ದ ಮರುವಾರವೇ ಲೊರೆಟಾ ಅಪ್ಪನನ್ನು ಊರಿನ ಇನ್ನೊಂದು ತುದಿಯ ಮನೆಗೆ ಕರೆದೊಯ್ದಳು. ಆ ವಿಳಾಸವನ್ನು ಅವಳು ಬೆಳ್ಳಕ್ಕಿಗೆ ಹೇಳಲಿಲ್ಲ.