ನಗು ಇಳಸಬ್ಯಾಡ್ರಿ

"ಸ್ವಲ್ಪ ಹಲ್ಲು ಕಾಣಬೇಕ ಅಕ್ಕಾ," ಅಂದಳು ಶಮಾ. "ಹಂಗ ತುಟಿ ಬಿಗಿ ಹಿಡದ್ರ ಸಿಟ್ಟಿಗೆದ್ದಂಗ ಕಾಣತೈತಿ."

ರೇಣುಕವ್ವ ಮತ್ತೊಮ್ಮೆ ಕನ್ನಡಿಗೆ ಮುಖ ಕೊಟ್ಟಳು. ಬೆಳಗಿನ ಬಿಸಿಲು ಶಮಾಳ ಪಡಸಾಲೆಯೊಳಗೆ ಬಂದು ಅವಳ ಕಣ್ಣ ಕೆಳಗಿನ ಕಪ್ಪನ್ನೆಲ್ಲ ಎತ್ತಿ ತೋರಿಸುತ್ತಿತ್ತು. ತುಟಿಯ ತುದಿಗಳು ಮೇಲೆ ಹೋದವು. ಕಣ್ಣು ಇದ್ದಲ್ಲೇ ಇದ್ದವು.

"ಹಿಂಗ?"

"ಹಾಂ, ಹಂಗ. ದೊಡ್ಡ ಮೇಡಂ ಏನರ ಕೇಳ್ಲಿ, ನಗು ಮಾತ್ರ ಇಳಸಬ್ಯಾಡ್ರಿ."

ಸಂಶಿಯಲ್ಲಿ ಇಬ್ಬರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹೋದ ವರ್ಷ ಮಳೆಗಾಲದಲ್ಲಿ ರೇಣುಕವ್ವನ ಒಬ್ಬಳೇ ಮಗಳು ಸವಿತಾ ಜ್ವರದಲ್ಲಿ ತೀರಿಕೊಂಡ ಮೇಲೆ ಆ ಗೋಡೆಯಾಚೆಯಿಂದ ಶಮಾಳಿಗೆ ಪಾತ್ರೆಯ ಸಪ್ಪಳ ಬಿಟ್ಟರೆ ಬೇರೇನೂ ಕೇಳಿರಲಿಲ್ಲ. ಗಂಡ ಹನಮಂತಪ್ಪ ಹಾಲಿನ ಗಾಡಿ ಓಡಿಸುತ್ತಿದ್ದ; ಬಂದು ಉಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಅಂಥ ಮನೆಯಿಂದ ಹೋದ ವಾರ ರೇಣುಕವ್ವ ತಾನಾಗಿಯೇ ಎದ್ದು ಬಂದಿದ್ದಳು. "ನಿಮ್ಮ ಸಾಲ್ಯಾಗ ಆಯಾ ಬೇಕಂತಲ್ಲ. ನನ್ನ ತಗೋತಾರೇನ ಕೇಳ ನೋಡೂಣು," ಅಂದಿದ್ದಳು. "ಮನ್ಯಾಗ ಕುಂತ್ರ ಜೀವ ಹೋಗತೈತಿ."

ಶಮಾ ಪಾಠ ಮಾಡುವ ಶಿಶುವಿಹಾರ ಬಸ್‌ಸ್ಟ್ಯಾಂಡಿನ ಹಿಂದೆ ಹೊಸದಾಗಿ ಶುರುವಾಗಿತ್ತು. ಮೊದಲಿದ್ದ ಆಯಾ ಗದರುತ್ತಾಳೆಂದು ಕೆಲವು ಮಕ್ಕಳು ಗೇಟಿನ ಹತ್ತಿರವೇ ಬಿದ್ದು ಹೊರಳಾಡಿ ಅಳುತ್ತಿದ್ದವು. ಅದಕ್ಕೇ ದೊಡ್ಡ ಮೇಡಂ ಖಡಾಖಂಡಿತವಾಗಿ ಹೇಳಿದ್ದರು. "ಕೆಲಸ ಯಾರಿಗರ ಕಲಸಬಹುದು ಶಮಾ, ಸ್ವಭಾವ ಕಲಸಾಕ ಬರೂದಿಲ್ಲ. ನನಗ ನಕ್ಕೋತ ಇರೂ ಹೆಣ್ಮಗಳು ಬೇಕು." ಅದನ್ನು ಕೇಳಿದ ಮೇಲೆ ಸವಿತಾಳ ವಿಷಯ ತೆಗೆಯಲು ಶಮಾಳಿಗೆ ಬಾಯಿ ಬರಲಿಲ್ಲ.

ಶಾಲೆ ಬಿಡುವ ಹೊತ್ತಿಗೆ ಮೇಡಂ ಖಾಲಿ ತರಗತಿಯೊಂದರಲ್ಲಿ ಕೂತಿದ್ದರು. ರೇಣುಕವ್ವ ಮಕ್ಕಳ ಗಿಡ್ಡ ಕುರ್ಚಿಯ ಮೇಲೆ ಮೊಣಕಾಲು ಎದೆಗೆ ಹತ್ತುವಂತೆ ಕೂತಳು. ಶಮಾ ಬಾಗಿಲಲ್ಲಿ ನಿಂತಳು.

"ಅಳೂ ಕೂಸಿಗೆ ಏನ ಮಾಡ್ತೀರಿ?"

"ಎತ್ಕೋತೀನ್ರಿ. ಹೊರಗ ಒಯ್ದು ಗುಬ್ಬಿ ತೋರಸ್ತೀನ್ರಿ."

"ಅರಿಬಿ ಹೊಲಸ ಮಾಡ್ಕೊಂಡ್ರ?"

"ತೊಳದ್ರ ಆತಲ್ರಿ. ಸಣ್ಣವು, ಅವಕ್ಕೇನ ತಿಳಿತೈತ್ರಿ."

ಮೇಡಂ ನಕ್ಕರು. ಶಮಾಳ ಕಡೆ ನೋಡಿ ತಲೆಯಾಡಿಸಿದರು. ಕೆಲಸ ಆದಂತೆಯೇ ಅಂದುಕೊಂಡಳು ಶಮಾ. ಅಷ್ಟರಲ್ಲಿ ಮೇಡಂ ಏಳುತ್ತ, ಸುಮ್ಮನೆ ಮಾತಿಗೆ ಕೇಳಿದರು. "ನಿಮಗ ಮಕ್ಕಳೆಷ್ಟರಿ?"

"ಒಂದ ಇತ್ರಿ. ಹೆಣ್ಣ. ಜ್ವರ ಬಂದು ಹೋತ್ರಿ."

ನಗು ಹಾಗೇ ಇತ್ತು.

"ದವಾಖಾನಿಗೆ ಒಯ್ಯಾಕತ್ತಿದ್ವಿರಿ. ಗಾಡ್ಯಾಗ ನನ್ನ ತೊಡಿಮ್ಯಾಲ ಹೋತ್ರಿ. ಕುಂದಗೋಳನೂ ದಾಟಿದ್ದಿಲ್ಲ."

ಅವಳ ಗಲ್ಲ ನಡುಗಿತು. ಬಾಗಿಲಲ್ಲಿದ್ದ ಶಮಾ, ಸಾಕು ಅಕ್ಕಾ ಎಂಬಂತೆ ತಲೆಯಾಡಿಸಿದಳು. ಅದನ್ನು ಕಂಡು ತನ್ನ ನಗು ಇಳಿದಿದೆಯೆಂದು ತಿಳಿದ ರೇಣುಕವ್ವ ಗಾಬರಿಯಾಗಿ ತುಟಿಗಳನ್ನು ಇನ್ನಷ್ಟು ಅಗಲ ಮಾಡಿದಳು. ಕಣ್ಣೀರು ಕೆನ್ನೆಗುಂಟ ಇಳಿದು ಆ ನಗುವಿನೊಳಗೇ ಹೋಯಿತು.

ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. "ಹೊರಗ ಕುಂದರ್ರಿ. ಹೇಳಿ ಕಳಸ್ತೀನಿ," ಅಂದರು.

ಅವಳು ಹೋದ ಮೇಲೆ ಅವರು ನೀರು ಕುಡಿದರು. "ಹಡದ ಮಗಳು ಸತ್ತದ್ದ ಹೇಳೂವಾಗ ನಗತಾಳಲ್ಲ ಶಮಾ. ನನಗ ಮೈ ಝುಮ್ ಅಂತು."

"ನಾನ ಕಲಿಸಿದ್ದೆರಿ ಮೇಡಂ. ನಗು ಇಳಸಬ್ಯಾಡ್ರಿ ಅಂತ ನಾನ ಹೇಳಿದ್ದೆ."

ಮೇಡಂ ಲೋಟ ಕೆಳಗಿಟ್ಟರು. "ಹಂಗಂದ್ರ ಆ ನಗು ಆಕಿದಲ್ಲ."

"ನಗದಿದ್ರೂ ಮಕ್ಕಳ್ನ ಚೊಲೋ ನೋಡ್ಕೋತಾಳ್ರಿ. ನಾ ಕಂಡೀನಿ."

"ಇರಬಹುದು. ನಾ ಏನ ಕಟುಕರಾಕಿ ಅಲ್ಲ. ಆದ್ರ ಮುಂಜಾನಿ ಕೂಸಿನ್ನ ಬಿಡಾಕ ಬಂದ ತಾಯಿ ಆ ಮಾರಿ ನೋಡಿದ್ರ, ನಾ ಆಕಿಗೆ ಏನಂತ ಹೇಳ್ಲಿ?"

ಹಿಂದಿನ ದಿನ ಇದೇ ಕೆಲಸ ಕೇಳಿ ಬಂದು ಹೋಗಿದ್ದ ಹುಡುಗಿಯನ್ನೇ ಕರೆಸುವುದೆಂದಾಯಿತು.

ಶಾಲೆ ಬಿಟ್ಟಿತ್ತು. ಗೇಟಿನ ಹತ್ತಿರ ತಂದೆ ತಾಯಿಗಳು ಸೇರಿದ್ದರು. ರೇಣುಕವ್ವ ಅವರಿಂದ ದೂರ, ಕಾಂಪೌಂಡಿನ ನೆರಳಿಗೆ ನಿಂತಿದ್ದಳು. ಶಮಾಳನ್ನು ಕಂಡೊಡನೆ ಸೆರಗು ಸರಿಮಾಡಿಕೊಂಡಳು.

"ಬ್ಯಾರೇದಾಕಿನ್ನ ತಗೋತಾರಂತ ಅಕ್ಕಾ."

"ಹೌದನ," ಅಂದಳು ರೇಣುಕವ್ವ. "ನಾ ಬರೋಬ್ಬರಿ ನಗಲಿಲ್ಲೇನ?"

"ನಕ್ಕಿರಿ."

"ಕಡೀತನಕ ಇಳಸಲಿಲ್ಲ ನಾ."

"ಇಲ್ಲ ಅಕ್ಕಾ. ಇಳಸಲಿಲ್ಲ."

"ಮತ್ತ?"

ಶಮಾ ನೆಲ ನೋಡಿದಳು. ನಾಳೆಯೂ ನಾಡಿದ್ದೂ ಆ ಗೋಡೆಯ ಈಚೆ ತಾನು, ಆಚೆ ಇವಳು.

ಅಷ್ಟರಲ್ಲಿ ಒಂದು ಸಣ್ಣ ಹುಡುಗಿ ಬೂಟಿನ ಪಟ್ಟಿ ಬಿಚ್ಚಿಕೊಂಡು ಕಾಲೆಳೆಯುತ್ತ ಬಂದಳು. ರೇಣುಕವ್ವನ ಮುಂದೆ ನಿಂತು ಕಾಲು ಮುಂದೆ ಮಾಡಿದಳು. ರೇಣುಕವ್ವ ನೆಲಕ್ಕೆ ಕೂತು ಪಟ್ಟಿ ಹಾಕತೊಡಗಿದಳು. ಮುಖದಲ್ಲಿ ನಗು ಇರಲಿಲ್ಲ. ಹುಡುಗಿ ತಾನು ಬೀಳಬಾರದೆಂದು ರೇಣುಕವ್ವನ ತಲೆಯ ಮೇಲೆ ಕೈಯೂರಿ, ಹಾರಿಹೋಗುತ್ತಿದ್ದ ಕಾಗೆಯನ್ನು ನೋಡುತ್ತಿದ್ದಳು.

ಗೇಟಿನಾಚೆ ಬೈಕಿನ ಹಾರ್ನ್ ಕೂಗಿತು. ಹುಡುಗಿ ಕೈ ತೆಗೆದು ಓಡಿದಳು. ರೇಣುಕವ್ವ ತಲೆ ಎತ್ತಲಿಲ್ಲ. ಕೆದರಿದ ಬೈತಲೆಯನ್ನು ಸರಿಮಾಡಿಕೊಳ್ಳಲೂ ಇಲ್ಲ. ಅಲ್ಲೇ ಮಣ್ಣಿನಲ್ಲಿ ಕೂತಿದ್ದಳು.